ಬಿಟ್ಟು ಬಂದ ಊರಿನ ವರದಿ

1982ರ ಜನವರಿ. ಹೊಂಡುರಾಸ್ ಗಡಿಯಿಂದ ಬೆಟ್ಟಗಳ ಹಾದಿ ಹಿಡಿದು, ಎಲ್ ಸಾಲ್ವಡಾರ್ ದೇಶದ ಮೊರಾಸಾನ್ ಪ್ರಾಂತ್ಯಕ್ಕೆ ನಡೆದೇ ಬಂದಿದ್ದ ಮೂವತ್ತೆರಡು ವರ್ಷದ ಪತ್ರಕರ್ತೆಯೊಬ್ಬರಿಗೆ ದೊಡ್ಡ ಚಿಂತೆ ಹತ್ತಿಕೊಂಡಿತ್ತು. ಕಂಡದ್ದನ್ನೆಲ್ಲ ಬರೆದಾಗಿದೆ, ಕಳಿಸುವುದು ಹೇಗೆ? ಸುತ್ತ ಯುದ್ಧ. ಫೋನಿಲ್ಲ, ಟೆಲೆಕ್ಸ್ ಇಲ್ಲ. ಕೊನೆಗೆ ಕೈಯಲ್ಲಿ ಬರೆದ ಹಾಳೆಗಳನ್ನು ಮಡಚಿ ಮಡಚಿ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿಯೊಳಗೆ ತುರುಕಿದರು. ಅದನ್ನು ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳ ಕಡೆಯ ಆಳೊಬ್ಬನ ಕೈಗಿಟ್ಟರು. ಡಬ್ಬಿ ಗಡಿ ದಾಟಿ ಹೊಂಡುರಾಸಿನ ತೆಗುಸಿಗಾಲ್ಪಾ ಸೇರಿತು, ಅಲ್ಲಿಂದ ಸುದ್ದಿ ವಾಷಿಂಗ್ಟನ್ನಿಗೆ ಹೋಯಿತು. ಜನವರಿ 27ರಂದು 'ವಾಷಿಂಗ್ಟನ್ ಪೋಸ್ಟ್'ನ ಮುಖಪುಟದಲ್ಲಿ ಅದು ಅಚ್ಚಾಯಿತು. ಅದೇ ದಿನ 'ನ್ಯೂಯಾರ್ಕ್ ಟೈಮ್ಸ್'ನ ಮುಖಪುಟದಲ್ಲಿ ಅದೇ ಹಳ್ಳಿಯ ಬಗ್ಗೆ ರೇಮಂಡ್ ಬಾನರ್ ಬರೆದ ವರದಿಯೂ ಇತ್ತು. ಹಳ್ಳಿಯ ಹೆಸರು ಎಲ್ ಮೊಸೋತೆ. ಪತ್ರಕರ್ತೆ ಮೆಕ್ಸಿಕೋದ ಆಲ್ಮಾ ಗಿಯೆರ್ಮೊಪ್ರಿಯೆತೊ.

ಆಗ ಅವರು ಪೋಸ್ಟ್‌ನ ಕಾಯಂ ಸಿಬ್ಬಂದಿಯೂ ಅಲ್ಲ. ಕಳಿಸಿದ ವರದಿಗೆ ಇಷ್ಟು ಎಂದು ಕಾಸು ಪಡೆಯುವ ಸ್ಟ್ರಿಂಗರ್. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅರೆಕಾಲಿಕ ವರದಿಗಾರರಾಗಿ ದುಡಿಯುವವರಿಗೆ ಆ ಸ್ಥಿತಿ ಏನೆಂದು ವಿವರಿಸಿ ಹೇಳಬೇಕಿಲ್ಲ.

ಎಲ್ ಮೊಸೋತೆಯಲ್ಲಿ ನಡೆದದ್ದು ಹೀಗೆ. 1981ರ ಡಿಸೆಂಬರ್ 10ರ ಸಂಜೆ, ಅಮೆರಿಕ ತರಬೇತಿ ಕೊಟ್ಟು ಕಟ್ಟಿದ ಅಟ್ಲಾಕಟ್ಲ್ ಎಂಬ ಸಾಲ್ವಡಾರ್ ಸೇನೆಯ ತುಕಡಿ ಹಳ್ಳಿಗೆ ಬಂತು. ಮರುದಿನ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಒಂದು ಕಡೆ, ಮಕ್ಕಳನ್ನು ಒಂದು ಕಡೆ ಬೇರ್ಪಡಿಸಿ ಕೊಂದಿತು. ಎಲ್ ಮೊಸೋತೆ ಮತ್ತು ಸುತ್ತಲ ಹಳ್ಳಿಗಳಲ್ಲಿ ಸತ್ತವರು ಸುಮಾರು ಒಂದು ಸಾವಿರ. ರೂಫಿನಾ ಅಮಾಯಾ ಎಂಬ ಹೆಂಗಸು ಸಾಲಿನಿಂದ ಜಾರಿ ಒಂದು ಗಿಡದ ಮರೆಯಲ್ಲಿ ಅಡಗಿ ಉಳಿದಳು. ಗಂಡ ಹೋದ. ನಾಲ್ಕು ಮಕ್ಕಳು ಹೋದವು. ಕಡೆಯದು ಎಂಟು ತಿಂಗಳ ಹಸುಗೂಸು. ಅಡಗಿದ್ದ ಜಾಗಕ್ಕೆ ಮಕ್ಕಳ ಅಳು ಕೇಳಿಸುತ್ತಿತ್ತು ಎಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು. ತಿಂಗಳು ಕಳೆದ ಮೇಲೆ ಆಲ್ಮಾ ಅಲ್ಲಿಗೆ ಹೋದಾಗ ಹೆಣಗಳ ವಾಸನೆ ಇನ್ನೂ ಇತ್ತು. ಕುಸಿದ ಮಣ್ಣಿನ ಗೋಡೆಗಳ ಅಡಿಯಲ್ಲಿ ಎಲುಬುಗಳು ಕಾಣುತ್ತಿದ್ದವು. ಅವರು ಅದನ್ನು ಕಂಡರು, ರೂಫಿನಾ ಜೊತೆ ಕೂತು ಮಾತನಾಡಿದರು, ಬರೆದರು. ತನ್ನನ್ನು ಕರೆದುಕೊಂಡು ಬಂದವರು ಗೆರಿಲ್ಲಾಗಳು ಎಂಬುದನ್ನೂ ಮುಚ್ಚಿಡದೆ ಬರೆದರು.

ಆ ಒಂದು ಪ್ರಾಮಾಣಿಕ ವಾಕ್ಯವನ್ನೇ ಹಿಡಿದು ಅವರ ವಿರುದ್ಧ ಬಳಸಿದರು. ಗೆರಿಲ್ಲಾಗಳು ತೋರಿಸಿದ್ದನ್ನು ನೋಡಿ ಬಂದವರ ಮಾತಿಗೆ ಏನು ಬೆಲೆ ಎಂಬ ವಾದ ಎದ್ದಿತು. ಅಮೆರಿಕದ ರಾಯಭಾರ ಕಚೇರಿಯ ಇಬ್ಬರು ಅಧಿಕಾರಿಗಳು ಆ ಕಡೆ ಹೋದರಾದರೂ ಎಲ್ ಮೊಸೋತೆಯವರೆಗೆ ಮುಟ್ಟಲೇ ಇಲ್ಲ. ವರದಿ ಅಚ್ಚಾದ ಮರುದಿನವೇ, ಜನವರಿ 28ರಂದು, ರೇಗನ್ ಸರ್ಕಾರ ಎಲ್ ಸಾಲ್ವಡಾರಿನಲ್ಲಿ ಮಾನವ ಹಕ್ಕುಗಳ ಪರಿಸ್ಥಿತಿ ಸುಧಾರಿಸುತ್ತಿದೆ ಎಂದು ಸಂಸತ್ತಿಗೆ ಪ್ರಮಾಣೀಕರಿಸಿತು. ಆ ಪ್ರಮಾಣಪತ್ರ ಇಲ್ಲದಿದ್ದರೆ ಸೇನಾ ನೆರವಿನ ಹಣ ಹೋಗುವಂತಿರಲಿಲ್ಲ. ಕೆಲವೇ ತಿಂಗಳಲ್ಲಿ ಬಾನರ್ ಅವರನ್ನು ಅವರ ಪತ್ರಿಕೆ ಮಧ್ಯ ಅಮೆರಿಕದಿಂದ ವಾಪಸ್ ಕರೆಸಿಕೊಂಡಿತು.

ಈ ಕಥೆಯನ್ನು ಸಾಮಾನ್ಯವಾಗಿ ಯುದ್ಧ ವರದಿಗಾರಿಕೆಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ವಲಸೆಯ ಕಥೆ ಎಂದು ಅನ್ನಿಸಲು ಬಹಳ ವರ್ಷ ಹಿಡಿಯಿತು. ಹನ್ನೆರಡು ವರ್ಷದ ಆ ಅಂತರ್ಯುದ್ಧದಲ್ಲಿ ಎಲ್ ಸಾಲ್ವಡಾರಿನಲ್ಲಿ ಸತ್ತವರು ಸುಮಾರು 75,000. ಲಕ್ಷಾಂತರ ಜನ ಊರು ಬಿಟ್ಟರು. ಗ್ವಾಟೆಮಾಲಾ, ಮೆಕ್ಸಿಕೋ ದಾಟಿ ಅಮೆರಿಕದ ಗಡಿಗೆ ಬಂದು ಆಶ್ರಯ ಕೇಳಿದರು. 1984ರಲ್ಲಿ ಹೀಗೆ ಕೇಳಿದ ಸಾಲ್ವಡಾರಿನವರಲ್ಲಿ ಆಶ್ರಯ ಸಿಕ್ಕಿದ್ದು ನೂರಕ್ಕೆ ಮೂವರಿಗಿಂತ ಕಡಿಮೆ ಜನಕ್ಕೆ. ಇವರು ಜೀವಭಯದಿಂದ ಬಂದವರಲ್ಲ, ಕೂಲಿಗಾಗಿ ಬಂದವರು ಎಂಬುದು ಸರ್ಕಾರದ ನಿಲುವು. ಅದು ಬೇರೆ ಏನು ತಾನೇ ಹೇಳಲು ಸಾಧ್ಯವಿತ್ತು? ತಾನೇ ಸಾಕುತ್ತಿದ್ದ ಸೇನೆಯಿಂದ ತಪ್ಪಿಸಿಕೊಂಡು ಬಂದವರು ಇವರು ಎಂದು ಒಪ್ಪಿದರೆ ಎಲ್ ಮೊಸೋತೆಯನ್ನೂ ಒಪ್ಪಬೇಕಾಗುತ್ತಿತ್ತು. ಒಂದು ವರದಿಯನ್ನು ಸುಳ್ಳೆಂದು ತಳ್ಳಿದ್ದಕ್ಕೂ ಗಡಿಯಲ್ಲಿ ಒಬ್ಬ ತಾಯಿಯ ಅರ್ಜಿಯನ್ನು ತಳ್ಳಿದ್ದಕ್ಕೂ ಕಾರಣ ಒಂದೇ. ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ಅರ್ಜಿಗಳನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಲು ಅಮೆರಿಕದ ಸರ್ಕಾರ ಒಪ್ಪಿದ್ದು 1991ರಲ್ಲಿ, ಚರ್ಚುಗಳು ಮತ್ತು ನಿರಾಶ್ರಿತರ ಸಂಘಟನೆಗಳು ಕೋರ್ಟಿಗೆ ಹೋದ ಮೇಲೆ.

1992ರಲ್ಲಿ ಶಾಂತಿ ಒಪ್ಪಂದವಾಯಿತು. ಅದೇ ವರ್ಷ ಅರ್ಜೆಂಟೀನಾದ ವಿಧಿವಿಜ್ಞಾನ ತಜ್ಞರ ತಂಡ ಎಲ್ ಮೊಸೋತೆಗೆ ಬಂದು ಚರ್ಚಿನ ಪಕ್ಕದ ಒಂದು ಸಣ್ಣ ಕಟ್ಟಡದ ನೆಲ ಅಗೆಯಿತು. ಅಷ್ಟೇ ಜಾಗದಲ್ಲಿ ಸಿಕ್ಕಿದ್ದು 143 ಜನರ ಅವಶೇಷ. ಅವರಲ್ಲಿ 131 ಮಂದಿ ಹನ್ನೆರಡು ವರ್ಷದೊಳಗಿನ ಮಕ್ಕಳು. ಆ ಮಕ್ಕಳ ಸರಾಸರಿ ವಯಸ್ಸು ಆರು. ಹತ್ತು ವರ್ಷ ತಡವಾಗಿ, ಫಿಲ್ಮ್ ಡಬ್ಬಿಯಲ್ಲಿ ಹೋದ ವರದಿ ನಿಜವೆಂದು ಮಣ್ಣು ಹೇಳಿತು. 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗವೂ ಅದನ್ನೇ ಹೇಳಿತು.

ಆಲ್ಮಾ ಪತ್ರಿಕೋದ್ಯಮ ಓದಿ ಬಂದವರಲ್ಲ. 1949ರಲ್ಲಿ ಮೆಕ್ಸಿಕೋ ನಗರದಲ್ಲಿ ಹುಟ್ಟಿ, ಹದಿಹರೆಯದಲ್ಲಿ ತಾಯಿಯ ಜೊತೆ ನ್ಯೂಯಾರ್ಕಿಗೆ ಬಂದು, ಮಾರ್ಥಾ ಗ್ರಹಾಂ, ಮರ್ಸ್ ಕನಿಂಗ್‌ಹ್ಯಾಂ ಅಂಥವರ ಬಳಿ ಆಧುನಿಕ ನೃತ್ಯ ಕಲಿತವರು. ಅವರ ಮೊದಲ ಮೇಷ್ಟರಿಕೆಯೂ ನೃತ್ಯದ್ದೇ. 1970ರಲ್ಲಿ ಆರು ತಿಂಗಳು ಹವಾನಾದ ರಾಷ್ಟ್ರೀಯ ಕಲಾ ಶಾಲೆಯಲ್ಲಿ ಪಾಠ ಹೇಳಿದರು. ಆ ಶಾಲೆಯ ಅಭ್ಯಾಸದ ಕೋಣೆಗಳಲ್ಲಿ ಕನ್ನಡಿ ಇರಲಿಲ್ಲ. ನೃತ್ಯ ಕಲಿಯುವವರಿಗೆ ಕನ್ನಡಿ ಎಂದರೆ ಅರ್ಧ ಗುರು. ಅದಿಲ್ಲದ ಕಡೆ ಮಕ್ಕಳು ತಮ್ಮ ಮೈ ಹೇಗೆ ನಿಂತಿದೆ, ಕೈ ಎಲ್ಲಿದೆ ಎಂಬುದನ್ನು ಕಣ್ಣಿಲ್ಲದೆ ಒಳಗಿನಿಂದ ಅರಿಯಬೇಕು, ಇಲ್ಲವೇ ಎದುರಿಗಿರುವವರ ಮುಖದಲ್ಲಿ ಓದಬೇಕು. ಆ ಆರು ತಿಂಗಳ ಬಗ್ಗೆ ಅವರು 2004ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ಬರಹ ಓದುವಾಗೆಲ್ಲ ನನಗೆ ಆ ಕನ್ನಡಿಯಿಲ್ಲದ ಕೋಣೆ ನೆನಪಾಗುತ್ತದೆ. ತನ್ನನ್ನು ತಾನು ನೋಡಿಕೊಳ್ಳುವ ಬರಹ ಅದಲ್ಲ. ಎದುರಿಗಿರುವವರ ಮುಖವನ್ನೇ ಓದುವ ಬರಹ.

1978ರಲ್ಲಿ ನಿಕರಾಗುವಾದ ಬಂಡಾಯದ ಬಗ್ಗೆ ಬ್ರಿಟನ್ನಿನ 'ಗಾರ್ಡಿಯನ್'ಗೆ ಬರೆಯುವ ಮೂಲಕ ಅವರು ಈ ವೃತ್ತಿಗೆ ಇಳಿದರು. ಆಮೇಲೆ 'ಪೋಸ್ಟ್', 'ನ್ಯೂಸ್‌ವೀಕ್', 'ನ್ಯೂಯಾರ್ಕರ್'. ಈ ಹೆಸರುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಹಾಕಿಕೊಂಡ ದಾರಿ. ವಿದೇಶಿ ಬಾತ್ಮೀದಾರ ಎಂದರೆ ರಾಜಧಾನಿಯ ಹೋಟೆಲಿನಲ್ಲಿ ಇಳಿದು, ಮಂತ್ರಿಯ ಪತ್ರಿಕಾಗೋಷ್ಠಿ ಮುಗಿಸಿ, ಟ್ಯಾಕ್ಸಿ ಡ್ರೈವರನ ಎರಡು ಮಾತು ಸೇರಿಸಿ, ರಾತ್ರಿಯೊಳಗೆ ಕಾಪಿ ಕಳಿಸುವವನು ಎಂಬ ರೂಢಿ ಒಂದಿದೆ. ಆಲ್ಮಾ ರಿಯೋ ಡಿ ಜನೈರೋದ ಮಾಂಗೇರಾ ಗುಡ್ಡದ ಬಡ ಬಡಾವಣೆಯ ಸಾಂಬಾ ಶಾಲೆಯಲ್ಲಿ ಸುಮಾರು ಒಂದು ವರ್ಷ ಕಳೆದು, ಅಲ್ಲಿಯವರ ಜೊತೆ ಕುಣಿದು, ಪುಸ್ತಕ ಬರೆದರು. ಮೆಕ್ಸಿಕೋ ನಗರದ ಕಸದ ಗುಡ್ಡಗಳಿಗೆ ಹೋಗಿ ಚಿಂದಿ ಆಯುವವರ ಜೊತೆ ದಿನ ಕಳೆದರು. ಕಸದ ಮೇಲೂ ಒಂದು ರಾಜ್ಯಭಾರವಿದೆ, ಅದಕ್ಕೂ ಒಬ್ಬ ಧಣಿಯಿದ್ದಾನೆ, ಅವನ ಹಿಂದೆ ಒಂದು ರಾಜಕೀಯ ಪಕ್ಷವಿದೆ ಎಂಬುದು ಹಾಗೆ ಕೂತವರಿಗೆ ಮಾತ್ರ ಕಾಣುತ್ತದೆ. ಹಳ್ಳಿ ಬಿಟ್ಟು ಪೇಟೆಗೆ ಬಂದವರು ಎಲ್ಲಿ ಹೋಗಿ ಸೇರುತ್ತಾರೆ ಎಂಬ ಪ್ರಶ್ನೆಗೆ ಮಾಂಗೇರಾ ಗುಡ್ಡವೂ ಒಂದು ಉತ್ತರ, ಕಸದ ಗುಡ್ಡವೂ ಒಂದು ಉತ್ತರ.

ಇನ್ನು ಕಲಿಸುವ ಮಾತು. 1994ರಲ್ಲಿ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಕೊಲಂಬಿಯಾದ ಕಾರ್ತಾಹೇನಾದಲ್ಲಿ ಪತ್ರಕರ್ತರಿಗಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ನಾವು ಅವರನ್ನು ಕಾದಂಬರಿಕಾರರೆಂದೇ ಬಲ್ಲೆವು. ಅವರು ಮಾತ್ರ ತಮ್ಮನ್ನು ಮೊದಲು ಪತ್ರಕರ್ತ ಎಂದುಕೊಂಡಿದ್ದವರು. 1955ರಲ್ಲಿ ಅವರ ಪತ್ರಿಕೆ 'ಎಲ್ ಎಸ್ಪೆಕ್ತಾದೊರ್' ಅವರನ್ನು ಬಾತ್ಮೀದಾರನಾಗಿ ಯುರೋಪಿಗೆ ಕಳಿಸಿತ್ತು. ಅಷ್ಟರಲ್ಲಿ ಕೊಲಂಬಿಯಾದಲ್ಲಿ ಸರ್ವಾಧಿಕಾರಿಯ ಕಾಟಕ್ಕೆ ಪತ್ರಿಕೆಯೇ ಮುಚ್ಚಿ, ಪ್ಯಾರಿಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಉಳಿದವರು ಅವರು. ಪತ್ರಿಕೋದ್ಯಮದ ಕಾಲೇಜುಗಳು ಸಿದ್ಧಾಂತ ಬಾಯಿಪಾಠ ಮಾಡಿಸುತ್ತಿವೆ, ಕಸುಬು ಕಲಿಸುತ್ತಿಲ್ಲ ಎಂಬುದು ಅವರ ದೊಡ್ಡ ಕೊರಗಾಗಿತ್ತು. ಹಿಂದೆಲ್ಲ ಸಂಪಾದಕೀಯ ಕೋಣೆಯಲ್ಲಿ, ಹಿರಿಯರ ಪಕ್ಕ ಕೂತು, ಅವರ ಬೈಗುಳ ತಿಂದು, ರಾತ್ರಿ ಕಾಫಿ ಕುಡಿಯುತ್ತ ಕಲಿಯುತ್ತಿದ್ದದ್ದು ನಿಂತುಹೋಯಿತು ಎಂಬ ಕೊರಗು. ಅದಕ್ಕಾಗಿ ತಮ್ಮ ಪ್ರತಿಷ್ಠಾನದ ತರಗತಿಗಳನ್ನು ಅವರು ತರಗತಿ ಎನ್ನಲಿಲ್ಲ, 'ತಾಯೆರ್' ಎಂದರು. ಸ್ಪ್ಯಾನಿಷ್ ಭಾಷೆಯಲ್ಲಿ ಅದು ಬಡಗಿಯ ಕೆಲಸದ ಮನೆ, ಮೋಟಾರು ರಿಪೇರಿಯ ಶೆಡ್ಡು. ನಮ್ಮಲ್ಲಿ ಅದಕ್ಕೆ ಸರಿಯಾದ ಮಾತಿದೆ: ಕಮ್ಮಟ. ನಾಣ್ಯ ಟಂಕಿಸುವ ಜಾಗಕ್ಕಿದ್ದ ಹೆಸರನ್ನು ನಾವು ಕಥೆ ಕಲಿಯುವ ಜಾಗಕ್ಕೂ ಕೊಟ್ಟಿದ್ದೇವೆ.

1995ರಲ್ಲಿ ಆ ಕಮ್ಮಟಗಳು ಶುರುವಾದಾಗ ಮೊದಲಿಗೇ ಕಲಿಸಲು ಬಂದವರು ಆಲ್ಮಾ. ವಿಷಯ 'ಕ್ರೋನಿಕಾ'. ನಮ್ಮ ನುಡಿಚಿತ್ರಕ್ಕೆ ಹತ್ತಿರದ್ದು, ಆದರೆ ಅದಕ್ಕಿಂತ ದೀರ್ಘ. ಕಂಡದ್ದನ್ನು ಕಾಲದ ಜಾಡಿನಲ್ಲಿ ನಿಧಾನವಾಗಿ ಬಿಚ್ಚುವ ಬರಹ. ಲ್ಯಾಟಿನ್ ಅಮೆರಿಕದ ನಾನಾ ದೇಶಗಳ ಎಳೆಯ ವರದಿಗಾರರು ಅಲ್ಲಿ ಒಂದು ಮೇಜಿನ ಸುತ್ತ ಕೂರುತ್ತಾರೆ. ಆಮೇಲೆ ಅಲ್ಲಿ ಕಲಿಸಲು ಪೋಲೆಂಡಿನ ರಿಶಾರ್ದ್ ಕಪುಶ್ಚಿನ್‌ಸ್ಕಿಯೂ ಬಂದರು. ಆಫ್ರಿಕಾ, ಇರಾನ್‌ಗಳ ಬಗ್ಗೆ ಅವರು ಬರೆದದ್ದನ್ನು ನಾನು ಎಳೆಯನಿದ್ದಾಗ ಬೆರಗಿನಿಂದ ಓದಿದ್ದೆ. ಅವರು ತೀರಿಕೊಂಡ ಮೇಲೆ, 2010ರಲ್ಲಿ ಬಂದ ಅವರ ಜೀವನಚರಿತ್ರೆ, ಆ ಬರಹಗಳಲ್ಲಿ ಕಂಡದ್ದೆಷ್ಟು ಕಟ್ಟಿದ್ದೆಷ್ಟು ಎಂಬ ಪ್ರಶ್ನೆ ಎತ್ತಿತು. ನನಗೆ ಅದು ನೋವಿನ ಓದು. ಅದನ್ನು ಓದಿದ ಮೇಲೆ ಎಲ್ ಮೊಸೋತೆಯ ವರದಿಯ ಮೇಲಿನ ಗೌರವ ಇಮ್ಮಡಿಯಾಯಿತು. ಆ ವರದಿಯಲ್ಲಿ ಒಂದೇ ಒಂದು ಎಲುಬನ್ನು ಹೆಚ್ಚಿಸಿ ಬರೆದಿದ್ದರೂ ಹತ್ತು ವರ್ಷ ಅದನ್ನೇ ಎತ್ತಿ ಆಡುತ್ತಿದ್ದರು. ಅಲ್ಲಗಳೆಯಲು ಕಾದು ಕೂತವರು ಇರುವ ಕಡೆ ವಿಶೇಷಣ ಕೆಲಸಕ್ಕೆ ಬರುವುದಿಲ್ಲ. ಯಾರು ಕರೆದುಕೊಂಡು ಹೋದರು, ಎಷ್ಟು ಹೊತ್ತು ಇದ್ದೆ, ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು ಎಂದು ಬಿಡಿಸಿ ಬರೆದದ್ದು ಮಾತ್ರ ಉಳಿಯುತ್ತದೆ. ವಲಸೆಯ ಬಗ್ಗೆ ಬರೆಯುವವರು ಮೊದಲು ಕಲಿಯಬೇಕಾದ ಅಕ್ಷರ ಇದು. ವಲಸಿಗರ ಬಳಿ ಕಾಗದಪತ್ರ ಇರುವುದಿಲ್ಲ, ಅವರ ಮಾತೇ ಅವರ ದಾಖಲೆ. ಆ ಮಾತನ್ನು ನಾವು ಸಡಿಲವಾಗಿ ಬರೆದರೆ ಅವರ ಕೈಯಲ್ಲಿದ್ದ ಒಂದೇ ದಾಖಲೆಯನ್ನೂ ಕೆಡಿಸಿದಂತೆ.

2010ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ತಮೌಲಿಪಾಸ್ ರಾಜ್ಯದ ಸಾನ್ ಫರ್ನಾಂಡೋ ಎಂಬಲ್ಲಿ, ಅಮೆರಿಕದ ಗಡಿ ಇನ್ನು ಕೆಲವೇ ಗಂಟೆಗಳ ದಾರಿ ಎನ್ನುವಾಗ, ವಲಸಿಗರನ್ನು ತುಂಬಿಕೊಂಡು ಹೊರಟಿದ್ದ ಲಾರಿಗಳನ್ನು ಸೆತಾಸ್ ಎಂಬ ಅಪರಾಧಿ ಗುಂಪು ಅಡ್ಡಗಟ್ಟಿತು. ಎಲ್ಲರನ್ನೂ ಒಂದು ಪಾಳು ಗೋದಾಮಿಗೆ ಒಯ್ದು, ಕೈಕಟ್ಟಿ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. 58 ಗಂಡಸರು, 14 ಹೆಂಗಸರು, ಒಟ್ಟು 72. ಈಕ್ವೆಡಾರಿನ ಹದಿನೆಂಟು ವರ್ಷದ ಹುಡುಗನೊಬ್ಬ ಗುಂಡೇಟು ತಿಂದೂ ಉಳಿದು, ರಾತ್ರಿಯಲ್ಲಿ ನಡೆದು ನೌಕಾಪಡೆಯ ಕಾವಲು ಠಾಣೆ ಮುಟ್ಟಿ ಹೇಳಿದ್ದರಿಂದ ಜಗತ್ತಿಗೆ ಗೊತ್ತಾಯಿತು. ಸತ್ತವರು ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಈಕ್ವೆಡಾರ್, ಬ್ರೆಜಿಲ್ ದೇಶದವರು. ಪಟ್ಟಿಯಲ್ಲಿ ಭಾರತದವನೂ ಒಬ್ಬ ಇದ್ದ.

ಆ ಒಂದು ಸಾಲು ಓದಿದಾಗ ನಾನು ಪುಟ ತಿರುಗಿಸಲಾಗದೆ ಕೂತಿದ್ದೆ. ಕಳ್ಳದಾರಿಯ ವಲಸೆಗೆ ಹೇಳುವ 'ಡಂಕಿ' ಎಂಬ ಪದ ನಮ್ಮ ಸಿನಿಮಾದವರಿಗೂ ಟಿವಿಯವರಿಗೂ ಪರಿಚಯವಾಗುವ ಎಷ್ಟೋ ವರ್ಷ ಮೊದಲು, ನಮ್ಮವನೊಬ್ಬ ಆ ಗೋಡೆಗೆ ಮುಖ ಮಾಡಿ ನಿಂತಿದ್ದ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕೋಳ ಹಾಕಿ ತಂದು ಅಮೃತಸರದಲ್ಲಿ ಇಳಿಸಿದಾಗ ಇಡೀ ದೇಶ ಬೆಚ್ಚಿಬಿತ್ತು. ಅವರಲ್ಲಿ ಅನೇಕರು ನಡೆದದ್ದು ಆ ಮಧ್ಯ ಅಮೆರಿಕದ ದಾರಿಯಲ್ಲೇ. ದಾರಿ ಹೊಸದಲ್ಲ, ನಾವು ನೋಡಿದ್ದು ತಡವಾಗಿ.

ಸಾನ್ ಫರ್ನಾಂಡೋದ ಕೊಲೆಗಳಾದ ಮೇಲೆ ಆಲ್ಮಾ ಒಂದು ಕೆಲಸ ಮಾಡಿದರು. 'ಎಪ್ಪತ್ತೆರಡು ಶವ' ಎಂಬ ಶೀರ್ಷಿಕೆ ಒಂದೆರಡು ದಿನ ಓಡಿ ಮಾಯವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೆಕ್ಸಿಕೋದಲ್ಲಿ ನವೆಂಬರ್ ಮೊದಲ ದಿನಗಳಲ್ಲಿ ಸತ್ತವರ ಹಬ್ಬ ಮಾಡುತ್ತಾರೆ. ಮನೆಮನೆಯಲ್ಲಿ ಪೀಠ ಹೂಡಿ, ಚೆಂಡುಹೂವು ಚೆಲ್ಲಿ, ಹೋದವರಿಗೆ ಇಷ್ಟವಾದ ತಿನಿಸು ಇಡುತ್ತಾರೆ. ನಮ್ಮ ಪಿತೃಪಕ್ಷದ ಎಡೆ ಇಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆ 72 ಮಂದಿಗೆ ಅಂಥ ಪೀಠ ಹೂಡುವವರು ಯಾರು? ಎಷ್ಟೋ ಮಂದಿಯ ಹೆಸರೇ ಗೊತ್ತಿರಲಿಲ್ಲ. ಆಲ್ಮಾ ಲೇಖಕರನ್ನೂ ಪತ್ರಕರ್ತರನ್ನೂ ಒಟ್ಟುಗೂಡಿಸಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಮೃತರನ್ನು ಒಪ್ಪಿಸಿದರು. ನೀವು ಇವರ ಬಗ್ಗೆ ಬರೆಯಿರಿ. 72 ಜನರಿಗೆ 72 ಬರಹ, ಜೊತೆಗೆ ಛಾಯಾಚಿತ್ರಗಳು. ಮೊದಲು ಇಂಟರ್ನೆಟ್ಟಿನಲ್ಲಿ ಹೂಡಿದ ಪೀಠವಾಗಿ ಬಂದದ್ದು 2011ರಲ್ಲಿ '72 ಮಿಗ್ರಾಂತೆಸ್' ಎಂಬ ಪುಸ್ತಕವಾಯಿತು. ಹೆಸರು ಗೊತ್ತಿದ್ದವರ ಬಗ್ಗೆ ಅವರ ಊರು, ಮನೆ, ಕಸುಬು ಕೇಳಿ ತಿಳಿದು ಬರೆದರು. ಗೊತ್ತಿಲ್ಲದವರಿಗೆ 'ಇನ್ನೂ ಗುರುತು ಸಿಗದ ವಲಸಿಗ' ಎಂಬ ತಲೆಬರಹ ಹಾಕಿ, ಆ ಗುರುತಿಲ್ಲದ ಮನುಷ್ಯನಿಗೂ ಒಂದು ಪುಟ ಬಿಟ್ಟರು. ನನ್ನ ಮಟ್ಟಿಗೆ ಅದು ಪತ್ರಿಕೋದ್ಯಮದ ಅತಿ ದೊಡ್ಡ ತರಗತಿಗಳಲ್ಲಿ ಒಂದು. ಅಲ್ಲಿ ಯಾರೂ ಯಾರಿಗೂ ಭಾಷಣ ಮಾಡಲಿಲ್ಲ. ಸಂಖ್ಯೆಯನ್ನು ಒಡೆದು ಒಬ್ಬೊಬ್ಬರ ಪಾಲಿಗೆ ಒಬ್ಬರನ್ನು ಹಂಚಿದರು, ಅಷ್ಟೇ.

ಆ ಕೊಲೆಗಳ ಮರುವರ್ಷ, 2011ರಲ್ಲಿ, ಅದೇ ಸಾನ್ ಫರ್ನಾಂಡೋದ ನೆಲದಲ್ಲಿ ಗುಂಡಿಗಳು ಸಿಕ್ಕವು. ಬಸ್ಸಿನಿಂದ ಇಳಿಸಿ ಕೊಂದು ಹೂತಿದ್ದ 193 ಶವಗಳು. ಮಾರ್ಸೆಲಾ ತುರಾತಿ ಎಂಬ ಮೆಕ್ಸಿಕೋದ ಪತ್ರಕರ್ತೆ ಆ ಗುಂಡಿಗಳ ಬೆನ್ನು ಹತ್ತಿದವರು ಹನ್ನೆರಡು ವರ್ಷ ಬಿಡಲಿಲ್ಲ. 2023ರಲ್ಲಿ ಅವರ ಪುಸ್ತಕ ಬಂತು. ಇವರೂ ಕಲಿಸುವವರೇ. 'ಕಾಲ್ನಡಿಗೆಯ ಪತ್ರಕರ್ತರು' ಎಂಬ ಅರ್ಥ ಬರುವ ಹೆಸರಿನ ತಂಡ ಕಟ್ಟಿ, ಬಡತನ, ವಲಸೆ, ಕಾಣೆಯಾದವರ ಬಗ್ಗೆ ಬರೆಯುವ ವರದಿಗಾರರಿಗೆ ತರಬೇತಿ ಕೊಡುತ್ತ ಬಂದವರು. ಗುರುತು ಹಚ್ಚುವ ಕೆಲಸ ಎಷ್ಟು ಕೆಟ್ಟದಾಗಿ ನಡೆದಿತ್ತೆಂದರೆ, ಮನೆಗಳಿಗೆ ಬೇರೆಯವರ ಶವ ತಲುಪಿದ ಪ್ರಸಂಗಗಳೂ ಇದ್ದವು. 2013ರಲ್ಲಿ, ಕುಟುಂಬಗಳು ಪಟ್ಟು ಹಿಡಿದ ಮೇಲೆ, ಹೊರಗಿನ ತಜ್ಞರನ್ನು ಸೇರಿಸಿಕೊಂಡು ಒಂದು ಆಯೋಗ ರಚನೆಯಾಯಿತು. ಆ ಕೆಲಸಕ್ಕೆ ಬಂದವರು ಅರ್ಜೆಂಟೀನಾದ ಅದೇ ತಂಡ. 1992ರಲ್ಲಿ ಎಲ್ ಮೊಸೋತೆಯ ಮಣ್ಣು ಕೆದಕಿದ್ದ ಮರ್ಸೆಡಿಸ್ ದೊರೆತ್ತಿ ಇಲ್ಲಿಯೂ ಮುಂದೆ ನಿಂತಿದ್ದರು. ಮೊದಲ ಸಲ ಅವರು ಬ್ರಷ್ ಹಿಡಿದದ್ದು ಊರು ಬಿಡಲಾಗದೆ ಸತ್ತವರ ಮೇಲೆ. ಎರಡನೆಯ ಸಲ ಊರು ಬಿಟ್ಟು ಬಂದು ಸತ್ತವರ ಮೇಲೆ. ಆಮೇಲೆ ತಿಳಿದುಬಂದಂತೆ, ಕೊಲೆಗಾರರನ್ನು ಹುಡುಕಬೇಕಿದ್ದ ಮೆಕ್ಸಿಕೋದ ತನಿಖಾಧಿಕಾರಿಗಳು ತುರಾತಿ ಮತ್ತು ದೊರೆತ್ತಿಯವರನ್ನೇ, ಕುಟುಂಬಗಳ ಪರ ವಕೀಲೆಯೊಬ್ಬರನ್ನೂ ಸೇರಿಸಿ, ಶಂಕಿತರೆಂದು ದಾಖಲಿಸಿ ಅವರ ಫೋನಿನ ವಿವರ ತರಿಸಿಕೊಂಡಿದ್ದರು.

ಎಲ್ ಸಾಲ್ವಡಾರಿನಲ್ಲಿ ವಲಸಿಗರ ಬೆನ್ನು ಹತ್ತಿ ಹೀಗೆ ಬರೆಯುತ್ತಿದ್ದ ಪತ್ರಿಕೆ 'ಎಲ್ ಫಾರೋ'. 1998ರಲ್ಲಿ ಹುಟ್ಟಿದ್ದು. ಅದರ ಓಸ್ಕರ್ ಮಾರ್ಟಿನೆಸ್ ಮೆಕ್ಸಿಕೋದ ಉದ್ದಕ್ಕೂ ಗೂಡ್ಸ್ ರೈಲಿನ ನೆತ್ತಿಯ ಮೇಲೆ ವಲಸಿಗರ ಜೊತೆ ಮತ್ತೆ ಮತ್ತೆ ಪ್ರಯಾಣ ಮಾಡಿ ಬರೆದ ಪುಸ್ತಕ 2010ರಲ್ಲಿ ಬಂತು, ಸಾನ್ ಫರ್ನಾಂಡೋ ನಡೆದ ವರ್ಷವೇ. ಆ ಪತ್ರಿಕೆ ಸರ್ಕಾರದ ಕಾಟ ತಾಳಲಾರದೆ 2023ರಲ್ಲಿ ತನ್ನ ಕಾನೂನಿನ ನೆಲೆಯನ್ನು ಕೋಸ್ಟಾರಿಕಾಕ್ಕೆ ವರ್ಗಾಯಿಸಿತು. 2025ರಲ್ಲಿ ಅದರ ವರದಿಗಾರರೂ ಬಂಧನದ ಭಯದಿಂದ ದೇಶ ಬಿಟ್ಟರು. ವಲಸಿಗರ ಬಗ್ಗೆ ಹದಿನೈದು ವರ್ಷ ಬರೆದವರು ಈಗ ತಾವೇ ಚೀಲ ಕಟ್ಟಿಕೊಂಡು ಪರದೇಶದಲ್ಲಿ ಕೂತು ಬರೆಯುತ್ತಿದ್ದಾರೆ.

ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ವಲಸೆ ಎನ್ನುವುದು ದೊಡ್ಡ ಕೊಡೆ. ಅದರ ಅಡಿಯಲ್ಲಿ ರಂಗನತಿಟ್ಟಿನ ಹಕ್ಕಿಯೂ ಬರುತ್ತದೆ, ಕ್ಯಾಲಿಫೋರ್ನಿಯಾದ ಎಂಜಿನಿಯರೂ ಬರುತ್ತಾನೆ. ಗುಳೆ ಹಾಗಲ್ಲ. ಗುಳೆ ಎಂದರೆ ಊರಲ್ಲಿ ಇರಲಾರದೆ ಎದ್ದು ಹೋಗುವುದು, ಮಂದಿಯೆಲ್ಲ ಸೇರಿ ಹೋಗುವುದು. ಬರ, ದಾಳಿ, ಸಾಲ ಎಲ್ಲವೂ ಆ ಒಂದು ಪದದೊಳಗಿವೆ. ಎಲ್ ಮೊಸೋತೆಯ ಸುತ್ತಲಿನವರು ಹೊಂಡುರಾಸಿನ ಶಿಬಿರಗಳಿಗೆ ಹೋದದ್ದು ಗುಳೆಯೇ. ರೂಫಿನಾ ಅಮಾಯಾ ಕೂಡ ವರ್ಷಗಟ್ಟಲೆ ಅಂಥ ಒಂದು ಶಿಬಿರದಲ್ಲಿದ್ದು, ಮತ್ತೆ ತನ್ನ ಸೀಮೆಗೆ ಮರಳಿ, 2007ರಲ್ಲಿ ತೀರಿಕೊಂಡಳು. ಇಷ್ಟು ಒಳ್ಳೆಯ ಪದವನ್ನು ಇಟ್ಟುಕೊಂಡೂ ನಮ್ಮ ಪತ್ರಿಕೆಗಳು ಅದನ್ನು ಸವೆಸಿಬಿಟ್ಟಿವೆ. ಮಳೆ ಕೈಕೊಟ್ಟ ವರ್ಷ ರಾಯಚೂರಿನದೋ ಯಾದಗಿರಿಯದೋ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ನಿಂತವರ ಫೋಟೊ, ಕೆಳಗೆ 'ಗುಳೆ ಹೊರಟ ಜನ' ಎಂಬ ಸಾಲು. ಆ ಬಸ್ಸು ಎಲ್ಲಿ ನಿಂತಿತು, ಅವರು ಬೆಂಗಳೂರಿನ ಯಾವ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು, ಆ ಮಕ್ಕಳು ಶಾಲೆಗೆ ಹೋದವೇ, ಯಾರು ವಾಪಸ್ ಬರಲಿಲ್ಲ? ಫೋಟೊ ತೆಗೆದವನನ್ನು ಅಷ್ಟು ದೂರ ಕಳಿಸುವ ಪತ್ರಿಕೆ ಅಪರೂಪ. ಇದನ್ನು ದೂರಾಗಿ ಹೇಳುತ್ತಿಲ್ಲ. ಡೆಸ್ಕಿನಲ್ಲಿ ಕೂತಿದ್ದಾಗ ನಾನೂ ಆ ಫೋಟೊಗಳಿಗೆ ಆ ಸಾಲನ್ನೇ ಬರೆದಿದ್ದೇನೆ, ವರ್ಷಕ್ಕೊಮ್ಮೆ.

ಕೆಲವು ವರ್ಷಗಳಿಂದ ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗಕ್ಕೆ ಅತಿಥಿಯಾಗಿ ಹೋಗಿ ವರದಿಗಾರಿಕೆ ಹೇಳಿಕೊಡುತ್ತಿದ್ದೇನೆ. ಕಳೆದ ಸಲ '72 ಮಿಗ್ರಾಂತೆಸ್' ಕಥೆ ಹೇಳಿ, ನಿಮ್ಮ ಊರಿನಿಂದ ಹೋದ ಒಬ್ಬರ ಬಗ್ಗೆ, ಒಬ್ಬರ ಬಗ್ಗೆ ಮಾತ್ರ, ಒಂದು ಪುಟ ಬರೆದು ತನ್ನಿ ಎಂದೆ. ಹೆಚ್ಚಿನವರು ಬರಗಾಲದ ಅಂಕಿ ಅಂಶ ತಂದರು. ಸುರಪುರದ ಕಡೆಯ ಹುಡುಗಿಯೊಬ್ಬಳು ಹಾಳೆ ಕೊಡಲು ಸಂಕೋಚಪಟ್ಟು ನಿಂತಳು. ಸೋದರತ್ತೆಯ ಕುಟುಂಬದ ಬಗ್ಗೆ ಬರೆದಿದ್ದಳು. ಪುಟದ ತುಂಬ ಕಷ್ಟ, ಸಂಕಷ್ಟ, ದಾರುಣ ಎಂಬ ಪದಗಳು. ನಡುವೆ ಎಲ್ಲೋ ಒಂದು ಸಾಲು, ಬೀಗದ ಬಗ್ಗೆ. ಇದೇನಮ್ಮ ಎಂದು ಕೇಳಿದೆ.

"ಬೀಗಕ್ಕ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿ ಹೋಗ್ತಾರ್ರಿ ಸರ್. ಮಳಿಗೆ ತುಕ್ಕು ಹಿಡೀಬಾರ್ದಂತ. ತಿರುಗಿ ಬಂದಾಗ ತೆಗೀಲಿಕ್ಕೆ ಬರಬೇಕಲ್ರಿ."

ಬರುತ್ತೇವೆ ಎಂಬ ನಂಬಿಕೆ ಇರುವವರು ಮಾತ್ರ ಬೀಗಕ್ಕೆ ಚೀಲ ಸುತ್ತುತ್ತಾರೆ. ಆ ಸಾಲನ್ನು ಮೊದಲಿಗೆ ತಾ, ಉಳಿದ ಪದಗಳನ್ನೆಲ್ಲ ಹೊಡೆದು ಹಾಕು ಎಂದೆ. ಆಮೇಲೆ ಕೇಳಿದೆ: ಎಷ್ಟು ಮನೆಗೆ ಹಾಗೆ ಬೀಗ ಬಿದ್ದಿದೆ? ಅತ್ತೆ ಈಗ ಎಲ್ಲಿದ್ದಾಳೆ, ದಿನಕ್ಕೆ ಎಷ್ಟು ಕೂಲಿ, ಮುಂಗಡ ಕೊಟ್ಟ ಮೇಸ್ತ್ರಿ ಯಾರು? ಕೀಲಿಕೈ ಯಾರ ಹತ್ತಿರ ಇದೆ?

ಅಷ್ಟೂ ಪ್ರಶ್ನೆಗಳನ್ನು ಹಾಳೆಯ ಹಿಂಬದಿಯಲ್ಲಿ ಗೀಚಿಕೊಂಡಳು. ಕೊನೆಯದಕ್ಕೆ ಮಾತ್ರ ಅಲ್ಲೇ ತಡೆದಳು. ಗೊತ್ತಿಲ್ರಿ ಎಂದಳು. ಒಂದು ಗಳಿಗೆ ಯೋಚಿಸಿ, ಮೊಬೈಲ್ ತೆಗೆದುಕೊಂಡು ಕಾರಿಡಾರಿಗೆ ಹೋದಳು. ತರಗತಿಯ ಒಳಕ್ಕೆ ಅವಳ ಮಾತು ಕೇಳಿಸುತ್ತಿತ್ತು: "ಅಜ್ಜಿ, ನಾನಬೇ... ಹೌದು, ಊಟ ಆಗ್ಯದ. ಅತ್ತಿ ಮನಿ ಕೀಲಿ ಯಾರ ಕಡೆ ಐತಿ?"